ಪಾರ್ಟಿ ತೋರಿಸಿದವನ ಪಾಲು

ಜಯನಗರದ ಒಳರಸ್ತೆಗಳಲ್ಲಿ ಬೆಳಗಿನ ವಾಕಿಂಗ್ ಹೋಗುವವರಿಗೆ ಒಂದು ಬರಹ ಆಗಾಗ ಕಣ್ಣಿಗೆ ಬೀಳುತ್ತದೆ. ಬೀಗ ಬಿದ್ದ ಗೇಟು, ಒಣ ಎಲೆ ತುಂಬಿದ ಅಂಗಳ, ಕಾಂಪೌಂಡಿನ ಮೇಲೆ ಕೆಂಪು ಬಣ್ಣದಲ್ಲಿ ಒಂದು ಸಾಲು: ‘ಈ ಸ್ವತ್ತು ಮಾರಾಟಕ್ಕಿಲ್ಲ’. ಕೆಳಗೊಂದು ಫೋನ್ ನಂಬರು. ಮಾರುವ ಮನೆಗೆ ಬೋರ್ಡು ಹಾಕುವುದು ಎಲ್ಲ ಊರಿನಲ್ಲೂ ಇದ್ದದ್ದೇ. ಮಾರುವುದಿಲ್ಲ ಎಂದು ಗೋಡೆಯ ಮೇಲೆ ಸಾರಬೇಕಾದ ಊರು ಬೆಂಗಳೂರು. ಜೆ.ಪಿ. ನಗರದಲ್ಲೂ ಬನಶಂಕರಿಯಲ್ಲೂ ಇದೇ ಬರಹ ಖಾಲಿ ಸೈಟುಗಳ ಮೇಲೆ ಕಾಣುತ್ತದೆ. ನಕಲಿ ಪತ್ರ ಸೃಷ್ಟಿಸಿ ಬೇರೆಯವರ ಸೈಟನ್ನು ಮಾರುವವರ ಭಯ ಒಂದು ಕಾರಣ. ದಿನಕ್ಕೆ ಮೂರು ಸಲ ಗೇಟು ತಟ್ಟಿ ‘ಸಾರ್, ಕೊಡ್ತೀರಾ? ಕ್ಯಾಷ್ ಪಾರ್ಟಿ ಇದೆ’ ಎನ್ನುವವರ ಕಾಟ ಇನ್ನೊಂದು.

ಗೇಟು ತಟ್ಟುವ ಆ ಮನುಷ್ಯನ ಆದಾಯದ ಲೆಕ್ಕಾಚಾರ ಈ ಅಂಕಣದ ವಿಷಯ. ಅವನದು ಸ್ವಂತ ಸೈಟಲ್ಲ, ಹೂಡುವುದು ಸ್ವಂತ ಹಣವಲ್ಲ. ಮಾರಬೇಕೆಂದಿರುವ ಮಾಲೀಕರನ್ನೂ ಹಣ ಹಾಕಲು ಸಿದ್ಧರಿರುವವರನ್ನೂ ಎದುರುಬದುರು ಕೂರಿಸಿದರೆ ಅವನ ಕೆಲಸ ಮುಗಿಯಿತು, ಕೂಲಿ ಹುಟ್ಟಿತು. ಇಂಗ್ಲಿಷಿನಲ್ಲಿ ಇದು ಫೈಂಡರ್ಸ್ ಫೀ. ಅಮೆರಿಕದ ರಿಯಲ್ ಎಸ್ಟೇಟ್ ವಲಯದಲ್ಲಿ ಇಂಥವನಿಗೆ ‘ಬರ್ಡ್ ಡಾಗ್’ ಎಂಬ ಅಡ್ಡಹೆಸರೂ ಇದೆ. ಬೇಟೆಯಲ್ಲಿ ಹಕ್ಕಿ ಎಲ್ಲಿ ಅಡಗಿದೆ ಎಂದು ಮೂಗು ಚಾಚಿ ತೋರಿಸಿ ಸುಮ್ಮನೆ ನಿಲ್ಲುವ ನಾಯಿ ಅದು. ನಮ್ಮಲ್ಲಿ ಅಷ್ಟು ಕಟುವಾಗಿ ಕರೆಯುವುದಿಲ್ಲ. ದಲ್ಲಾಳಿ ಎಂಬ ಹಳೆಯ ಪದವಿದೆ, ಬ್ರೋಕರ್ ಎಂಬ ಬಳಕೆಯ ಪದವಿದೆ. ಆದರೆ ‘ನಾನು ಬ್ರೋಕರ್ ಅಲ್ಲ ಸಾರ್, ಪಾರ್ಟಿ ತೋರಿಸ್ತೀನಿ ಅಷ್ಟೆ’ ಎನ್ನುವವರೇ ಹೆಚ್ಚು. ಆ ‘ಅಷ್ಟೆ’ಗೆ ಎಷ್ಟು ಬೆಲೆ, ಅದನ್ನು ಯಾರು ಕೊಡಬೇಕು, ಕೊಡದಿದ್ದರೆ ಏನು ಗತಿ ಎಂಬುದು ಕೇಳಿದಷ್ಟು ಸರಳವಲ್ಲ.

ದಕ್ಷಿಣ ಬೆಂಗಳೂರಿನಲ್ಲೇ ಈ ಕಸುಬು ಇಷ್ಟು ಚುರುಕಾಗಿರುವುದಕ್ಕೆ ಬಡಾವಣೆಗಳ ವಯಸ್ಸು ಕಾರಣ. 1945ರಲ್ಲಿ ಹುಟ್ಟಿದ ಸಿಐಟಿಬಿ, ಅಂದರೆ ನಗರಾಭಿವೃದ್ಧಿ ವಿಶ್ವಸ್ಥ ಮಂಡಳಿ, ರೂಪಿಸಿದ ದೊಡ್ಡ ಬಡಾವಣೆ ಜಯನಗರ. 1948ರಲ್ಲಿ ಸಿ. ರಾಜಗೋಪಾಲಾಚಾರಿ ಅದಕ್ಕೆ ಶಂಕುಸ್ಥಾಪನೆ ಮಾಡಿದರು. 1976ರಲ್ಲಿ ಸಿಐಟಿಬಿ ಹೋಗಿ ಬಿಡಿಎ ಬಂತು. ಬನಶಂಕರಿ ಹಂತ ಹಂತವಾಗಿ ಹಬ್ಬಿತು. ಜೆ.ಪಿ. ನಗರ ಫೇಸುಗಳಾಗಿ ಕನಕಪುರ ರಸ್ತೆಯ ಕಡೆಗೂ ಬನ್ನೇರುಘಟ್ಟ ರಸ್ತೆಯ ಕಡೆಗೂ ಚಾಚಿತು. ಬೈರಸಂದ್ರ, ತಾವರೆಕೆರೆ, ಮಡಿವಾಳ ಎಂಬ ಮೂರು ಊರುಗಳ ಮೊದಲಕ್ಷರ ಸೇರಿ ಬಿಟಿಎಂ ಆಯಿತು. ಅಂದು ಸೈಟು ಪಡೆದವರಲ್ಲಿ ಬಹಳಷ್ಟು ಮಂದಿ ಸಂಬಳದವರು: ಸರ್ಕಾರಿ ನೌಕರರು, ಬ್ಯಾಂಕಿನವರು, ಮೇಷ್ಟರು, ಸಾರ್ವಜನಿಕ ಉದ್ಯಮಗಳ ಕಾರ್ಮಿಕರು. ಸಾಲ ಮಾಡಿ ರೆಡ್ ಆಕ್ಸೈಡ್ ನೆಲದ ಮನೆ ಕಟ್ಟಿದರು. ಮುಂದೆ ಒಂದು ಸಂಪಿಗೆ ಗಿಡ, ಹಿಂದೆ ಒಂದು ತೆಂಗಿನ ಮರ.

ಆ ಮನೆಗೆ ಇಂದು ಬೆಲೆಯಿಲ್ಲ, ಅದರಡಿಯ ನೆಲಕ್ಕೆ ಇದೆ. ನಲವತ್ತು ಅರವತ್ತರ ಸೈಟಿನ ಮೇಲೆ ನಿಂತಿರುವ ಐವತ್ತು ವರ್ಷದ ಕಟ್ಟಡವನ್ನು ಕೊಳ್ಳುವವನು ಒಡೆಯುವ ಖರ್ಚಿನ ಬಾಬತ್ತಿಗೆ ಸೇರಿಸುತ್ತಾನೆ. ಮಾಲೀಕರಿಗೆ ಎಂಬತ್ತು ದಾಟಿದೆ. ಮಕ್ಕಳಲ್ಲಿ ಒಬ್ಬರು ನ್ಯೂಜೆರ್ಸಿಯಲ್ಲಿ, ಒಬ್ಬರು ಸರ್ಜಾಪುರ ರಸ್ತೆಯ ಅಪಾರ್ಟ್‌ಮೆಂಟಿನಲ್ಲಿ. (ಟ್ರಾಫಿಕ್ಕಿನ ದೆಸೆಯಿಂದ ಅಪ್ಪ ಅಮ್ಮನಿಗೆ ಎರಡೂ ಊರು ಹೆಚ್ಚುಕಡಿಮೆ ಒಂದೇ ದೂರ.) ಮೆಟ್ಟಿಲು ಹತ್ತಲು ಆಗುವುದಿಲ್ಲ, ಮಳೆ ಬಂದರೆ ತಾರಸಿ ಸೋರುತ್ತದೆ. ಆದರೂ ಮಾರಲು ಮನಸ್ಸಿಲ್ಲ.

ಹಣ ಹಾಕುವವರಿಗೆ ಈ ಭಾಗದಲ್ಲಿ ಬರವಿಲ್ಲ. ಹಸಿರು ಮಾರ್ಗದ ಮೆಟ್ರೊ ಸೌತ್ ಎಂಡ್ ಸರ್ಕಲ್, ಜಯನಗರ, ಬನಶಂಕರಿ, ಜೆ.ಪಿ. ನಗರಗಳನ್ನು ಮೊದಲೇ ಪೋಣಿಸಿತ್ತು. 2025ರ ಆಗಸ್ಟ್ 10ರಂದು ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರದವರೆಗಿನ ಹಳದಿ ಮಾರ್ಗ ಉದ್ಘಾಟನೆಯಾಗಿ ರಾಗಿಗುಡ್ಡ, ಜಯದೇವ ಆಸ್ಪತ್ರೆ, ಬಿಟಿಎಂ ಲೇಔಟ್ ಕೂಡ ನಿಲ್ದಾಣಗಳಾದವು. ಹೂಡಿಕೆದಾರ ಎಂದರೆ ಸೂಟು ತೊಟ್ಟ ಯಾರೋ ಎಂದುಕೊಳ್ಳಬೇಕಿಲ್ಲ. ಒಂದೊಂದೇ ಸೈಟು ಹಿಡಿದು ಸ್ಟಿಲ್ಟ್ ಪಾರ್ಕಿಂಗ್ ಮೇಲೆ ನಾಲ್ಕೈದು ಫ್ಲ್ಯಾಟು ಎಬ್ಬಿಸುವ ಸಣ್ಣ ಬಿಲ್ಡರ್ ಒಬ್ಬ. ಊರ ಕಡೆಯ ಜಮೀನು ಮಾರಿ ಬಂದ ಹಣವನ್ನು ‘ಬಾಡಿಗೆ ಬರುವ ಬಿಲ್ಡಿಂಗ್’ನಲ್ಲಿ ಹಾಕಲು ಹುಡುಕುವ ಕುಟುಂಬ ಇನ್ನೊಂದು. ಬಿಟಿಎಂನಲ್ಲಾದರೆ ಮೂವತ್ತು ನಲವತ್ತರ ಸೈಟಿನಲ್ಲಿ ಪಿ.ಜಿ. ನಡೆಸುವವರ ಹಣವೂ ಇದೆ. ತಿಂಗಳ ಬಾಡಿಗೆ ಎಷ್ಟು ಎಂಬುದೇ ಅಲ್ಲಿ ಮೊದಲ ಪ್ರಶ್ನೆ, ಗಾಳಿ ಬೆಳಕು ಆಮೇಲೆ.

ಹಾಗಾಗಿ ಇಲ್ಲಿ ಅಪರೂಪದ ವಸ್ತು ಹಣವಲ್ಲ, ಮನಸ್ಸು ಮಾಡಿದ ಮಾಲೀಕ. ಅವರು ಮನಸ್ಸು ಮಾಡಿದ ಸುದ್ದಿ ಜಾಹೀರಾತಿಗಿಂತ ಎಷ್ಟೋ ಮೊದಲು ರಸ್ತೆಗೆ ಗೊತ್ತಾಗುತ್ತದೆ. ತಳ್ಳುಗಾಡಿಯಲ್ಲಿ ಇಸ್ತ್ರಿ ಮಾಡುವವನಿಗೆ ಆ ಮನೆಯಿಂದ ಬರುವ ಬಟ್ಟೆ ಅರ್ಧವಾದದ್ದು ತಿಳಿಯುತ್ತದೆ. ಹೂವಿನವಳಿಗೆ ಯಜಮಾನರು ಆಸ್ಪತ್ರೆ ಸೇರಿದ್ದು ತಿಳಿಯುತ್ತದೆ. ಮೋಟರ್ ರಿಪೇರಿಯವನು, ಪುರೋಹಿತರು, ಎದುರು ಮನೆಯ ನಿವೃತ್ತ ಮ್ಯಾನೇಜರು, ಮೂಲಪತ್ರದ ಝೆರಾಕ್ಸ್ ತೆಗೆದುಕೊಟ್ಟ ಅಂಗಡಿಯ ಹುಡುಗ, ಹೀಗೆ ಇವರಲ್ಲಿ ಯಾರೋ ಒಬ್ಬರು ಮೊದಲ ಎಳೆ. ಮನೆ ಹುಡುಕುತ್ತ ಬಂದ ಅಪರಿಚಿತನಿಗೆ ಬಾಗಿಲ ಚಿಲಕವೂ ತೆಗೆಯದ ಅಜ್ಜಿ, ಇಪ್ಪತ್ತು ವರ್ಷದಿಂದ ಹಾಲು ಹಾಕುವವನು ‘ಅಮ್ಮಾ, ಗೊತ್ತಿರೋರು ಒಬ್ಬರಿದ್ದಾರೆ, ಒಂದ್ಸಲ ಮಾತಾಡಿ ನೋಡಿ’ ಎಂದರೆ ಒಳಗೆ ಕರೆದು ಕಾಫಿ ಕೊಡುತ್ತಾಳೆ. ಬಿಲ್ಡರ್ ಕೊಳ್ಳುವುದು ಆ ಕಾಫಿಯನ್ನು.

2014ರಲ್ಲಿ ಹುಟ್ಟಿದ ಬೆಂಗಳೂರಿನದೇ ನೋಬ್ರೋಕರ್ ಕಂಪನಿ ದಲ್ಲಾಳಿಯೇ ಬೇಡ ಎಂಬ ಹೆಸರಿಟ್ಟುಕೊಂಡು 2021ರಲ್ಲಿ ನೂರು ಕೋಟಿ ಡಾಲರ್ ಮೌಲ್ಯ ಮುಟ್ಟಿತು. ಬಾಡಿಗೆ ಮನೆ ಹುಡುಕುವವರಿಗೆ ಅದರಿಂದ ಒಂದು ತಿಂಗಳ ಬಾಡಿಗೆ ಉಳಿದಿರಬಹುದು. ಆದರೆ ಮಾರಬೇಕೋ ಬೇಡವೋ ಎಂದು ಇನ್ನೂ ತೂಗುತ್ತಿರುವ ಮಾಲೀಕರು ಯಾವ ಆ್ಯಪಿನಲ್ಲೂ ಇರುವುದಿಲ್ಲ. ಫೋನಿನಲ್ಲಿ ಮನೆಯ ಫೋಟೊ ಹಾಕುವ ಹೊತ್ತಿಗೆ ಜೆ.ಪಿ. ನಗರದ ಒಳ್ಳೆಯ ಕಾರ್ನರ್ ಸೈಟು ಮೂರು ಬಿಲ್ಡರ್‌ಗಳ ಕಿವಿಗೆ ಬಿದ್ದಾಗಿರುತ್ತದೆ.

ಕಾಫಿಯ ನಂತರ ಕಷ್ಟದ ಭಾಗ ಶುರು. ತೋರಿಸಿದ್ದಷ್ಟಕ್ಕೆ ಯಾರೂ ಹಣ ಕೊಡುವುದಿಲ್ಲ. ವ್ಯವಹಾರ ಕುದುರಬೇಕು, ಕುದುರಲು ಪತ್ರ ಸರಿಯಿರಬೇಕು. ಸಿಐಟಿಬಿ ಅಥವಾ ಬಿಡಿಎ ಹಂಚಿಕೆ ಪತ್ರ, ಸ್ವಾಧೀನ ಪತ್ರ, ಗುತ್ತಿಗೆ ಅವಧಿ ಮುಗಿದ ಮೇಲಿನ ಶುದ್ಧ ಕ್ರಯಪತ್ರ, ತೆರಿಗೆ ರಸೀದಿ, ಋಣಭಾರ ಪತ್ರ ಅಂದರೆ ಇ.ಸಿ. ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಲ್ಲಿ ಇ.ಸಿ. ಸಿಗುವುದು 2004ರ ಏಪ್ರಿಲ್‌ನಿಂದ ಈಚೆಗೆ. ಅದಕ್ಕೂ ಹಿಂದಿನದಕ್ಕೆ ಕಚೇರಿಯ ಹಳೆಯ ಪುಸ್ತಕ ತಿರುವಿಸಬೇಕು. 2024ರಿಂದ ಇ–ಖಾತೆ ಇಲ್ಲದೆ ನೋಂದಣಿಯೇ ಇಲ್ಲ ಎಂದಾದ ಮೇಲೆ, ಯಜಮಾನರು ತೀರಿಕೊಂಡು ಹದಿನೈದು ವರ್ಷವಾದರೂ ಖಾತೆ ಇನ್ನೂ ಅವರ ಹೆಸರಿನಲ್ಲೇ ಇದ್ದ ಮನೆಗಳ ಕಥೆ ಒಂದೊಂದಾಗಿ ಹೊರಬಂತು.

ಎಲ್ಲಕ್ಕಿಂತ ದೊಡ್ಡ ಗಂಟು ಸಹಿಗಳದು. ಅಪ್ಪ ಸ್ವಂತ ಸಂಪಾದನೆಯಿಂದ ಮಾಡಿದ ಮನೆ, ವಿಲ್ ಬರೆಯದೆ ತೀರಿಕೊಂಡರೆ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ಹೆಂಡತಿಗೂ ಗಂಡುಮಕ್ಕಳಿಗೂ ಹೆಣ್ಣುಮಕ್ಕಳಿಗೂ ಸಮಪಾಲು, ಅಪ್ಪನ ತಾಯಿ ಬದುಕಿದ್ದರೆ ಅವರಿಗೂ. 2005ರ ತಿದ್ದುಪಡಿಯಿಂದ ಹೆಣ್ಣುಮಕ್ಕಳಿಗೆ ಪಾಲು ಬಂತು ಎಂದು ನಂಬಿರುವ ಅಣ್ಣತಮ್ಮಂದಿರು ಈ ಬಗೆಯ ಮನೆಯ ಮಟ್ಟಿಗೆ ಅರ್ಧ ಶತಮಾನ ತಡವಾಗಿ ಕಾಯ್ದೆ ಓದಿದ್ದಾರೆ. ಮೈಸೂರಿನಲ್ಲಿರುವ ಅಕ್ಕ, ಮಾತು ಬಿಟ್ಟಿರುವ ತಮ್ಮ, ಎಲ್ಲರೂ ಸಹಿ ಹಾಕಬೇಕು. ವಿದೇಶದಲ್ಲಿರುವ ಮಗ ಬರಲಾರೆ ಎಂದರೆ ಅಲ್ಲಿಂದ ಮುಖ್ತಾರ್‌ನಾಮೆ, ಅಂದರೆ ಪವರ್ ಆಫ್ ಅಟಾರ್ನಿ, ಕಳಿಸಬೇಕು. ಅದು ಭಾರತಕ್ಕೆ ಬಂದ ಮೂರು ತಿಂಗಳೊಳಗೆ ಇಲ್ಲಿ ಮುದ್ರಾಂಕ ಶುಲ್ಕ ಕಟ್ಟಬೇಕು. ಅವನ ಪಾಲಿನ ಹಣಕ್ಕೆ ಕೊಳ್ಳುವವನು ಹಿಡಿಯಬೇಕಾದ ತೆರಿಗೆಯ ಲೆಕ್ಕವೂ ಬೇರೆ. ಇಲ್ಲಿನ ನಿವಾಸಿಗಳಿಂದ ಐವತ್ತು ಲಕ್ಷ ಮತ್ತು ಅದಕ್ಕೆ ಮೇಲ್ಪಟ್ಟ ಆಸ್ತಿ ಕೊಂಡರೆ ಶೇ 1 ಹಿಡಿದರೆ ಸಾಕು. ಅನಿವಾಸಿಯಾದರೆ ಬಂಡವಾಳ ಲಾಭದ ದರದಲ್ಲೇ ಹಿಡಿಯಬೇಕು. ಕಡಿಮೆ ಹಿಡಿಯಬೇಕೆಂದರೆ ಮಾರುವವರು ಇಲಾಖೆಯಿಂದ ಮುಂಚೆಯೇ ಪ್ರಮಾಣಪತ್ರ ತರಬೇಕು.

ಇದನ್ನೆಲ್ಲ ಮೊದಲ ಭೇಟಿಯಲ್ಲೇ ಕೇಳಿ ತಿಳಿದು, ‘ಮೂರು ಸಹಿ ಸಿದ್ಧ, ನಾಲ್ಕನೆಯದಕ್ಕೆ ಎರಡು ತಿಂಗಳು ಬೇಕು’ ಎಂದು ಹೂಡಿಕೆದಾರನಿಗೆ ನಿಜ ಹೇಳುವವನ ಕೈಗೆ ಕಮಿಷನ್ ಬರುತ್ತದೆ. ‘ಎಲ್ಲಾ ಕ್ಲಿಯರ್ ಸಾರ್’ ಎಂದು ಹೇಳಿ ಎಲ್ಲರನ್ನೂ ಕೂರಿಸಿದವನ ವ್ಯವಹಾರ ವಕೀಲರ ಕೊಠಡಿಯಲ್ಲಿ ಮುರಿಯುತ್ತದೆ. ಈ ಕಸುಬಿನಲ್ಲಿ ಉಳಿದವರು ಮಾತುಗಾರರು ಎಂಬ ನಂಬಿಕೆ ಇದೆ. ಗಮನಿಸಿದರೆ ಕೇಳಿಸಿಕೊಳ್ಳುವವರೇ ಉಳಿದಿದ್ದಾರೆ. ಅಕ್ಕ ಏಕೆ ಮುನಿಸಿಕೊಂಡಿದ್ದಾರೆ ಎಂಬುದು ಇ.ಸಿ.ಯಲ್ಲಿ ಬರುವುದಿಲ್ಲ.

ಇನ್ನು ಲೆಕ್ಕ. ನೇರ ಮಾರಾಟದಲ್ಲಿ ಕೊಳ್ಳುವವರಿಂದ ಶೇ 1, ಮಾರುವವರಿಂದ ಶೇ 1 ಎಂಬುದು ಬೆಂಗಳೂರಿನ ರೂಢಿಯ ಮಾತು. ಒಂದೇ ಕಡೆಯಿಂದ ಶೇ 2 ಕೇಳುವುದೂ ಇದೆ. ಕಾನೂನು ಯಾವ ದರವನ್ನೂ ನಿಗದಿ ಮಾಡಿಲ್ಲ. ಐದು ಕೋಟಿಯ ಮನೆ ಎಂದಿಟ್ಟುಕೊಂಡರೆ ಶೇ 1 ಎಂದರೆ ಐದು ಲಕ್ಷ. ಕೇಳಲು ಚೆನ್ನಾಗಿದೆ. ಆದರೆ ಮಾಲೀಕರ ಕಡೆಯಿಂದ ಸುದ್ದಿ ತಂದವನು ಒಬ್ಬ, ಅದನ್ನು ಇನ್ನೊಬ್ಬರಿಗೆ ದಾಟಿಸಿದವನು ಒಬ್ಬ, ಬಿಲ್ಡರ್‌ನ ಬಳಿ ಹೋಗಿಬಂದು ಮಾಡುವವನು ಮೂರನೆಯವನು, ಬಿಲ್ಡರ್‌ನ ಮ್ಯಾನೇಜರನ ಭಾವಮೈದ ನಾಲ್ಕನೆಯವನು. ಕಸುಬಿನವರು ಇದಕ್ಕೆ ‘ಚೈನು’ ಎನ್ನುತ್ತಾರೆ. ಐದು ಲಕ್ಷ ನಾಲ್ಕು ಪಾಲಾಗಿ ಒಂದೂಕಾಲು ಲಕ್ಷಕ್ಕೆ ಇಳಿಯುತ್ತದೆ. ಮೊದಲ ಎಳೆ ಹಿಡಿದುಕೊಟ್ಟ ಹಾಲಿನವನ ಕೈಗೆ ಹತ್ತು ಸಾವಿರವಿಟ್ಟು ‘ಹಬ್ಬಕ್ಕೆ ಇರಲಿ’ ಎನ್ನುವುದೂ ಉಂಟು. ಜಾಹೀರಾತಿನಲ್ಲಿ ‘ಡೈರೆಕ್ಟ್ ಪಾರ್ಟಿ ಮಾತ್ರ ಸಂಪರ್ಕಿಸಿ’ ಎಂದು ಬರೆಸುವವರಿಗೆ ಈ ಚೈನಿನ ಉದ್ದ ಗೊತ್ತಿರುತ್ತದೆ. ಒಂದೇ ಮನೆಯನ್ನು ಐದು ಮಂದಿ ಐದು ಬೆಲೆಗೆ ಹೇಳಿಕೊಂಡು ತಿರುಗಿದರೆ ಆ ಮನೆ ಹಳಸುತ್ತದೆ, ಗಂಡಿನ ಕಡೆಯವರು ಹತ್ತು ಸಲ ನೋಡಿ ಹೋದ ಹುಡುಗಿಯ ಬಗ್ಗೆ ಊರು ಆಡಿಕೊಳ್ಳುವಂತೆ.

ಜಾಯಿಂಟ್ ಡೆವಲಪ್‌ಮೆಂಟ್ ಅಥವಾ ಜೆ.ಡಿ. ಎಂದು ಕರೆಯುವ ವ್ಯವಹಾರದಲ್ಲಿ ಕ್ರಯದ ಮೊತ್ತವೇ ಇರುವುದಿಲ್ಲ. ಮಾಲೀಕರು ನೆಲ ಕೊಡುತ್ತಾರೆ, ಬಿಲ್ಡರ್ ಕಟ್ಟುತ್ತಾನೆ, ಫ್ಲ್ಯಾಟುಗಳನ್ನು ಒಪ್ಪಿದ ಪ್ರಮಾಣದಲ್ಲಿ ಹಂಚಿಕೊಳ್ಳುತ್ತಾರೆ. ಮೇಲೆ ಮಾಲೀಕರಿಗೆ ಸ್ವಲ್ಪ ಮುಂಗಡ, ಕಟ್ಟುವಷ್ಟು ಕಾಲ ಬೇರೆ ಮನೆಯ ಬಾಡಿಗೆ. ಹೀಗಿರುವಾಗ ಶೇ 1 ಯಾವುದರ ಮೇಲೆ? ಇದನ್ನು ಮೊದಲೇ ಮಾತಾಡದವನು ಎರಡು ವರ್ಷ ಬಿಲ್ಡರ್‌ನ ಕಚೇರಿಗೆ ಅಲೆಯುತ್ತಾನೆ. ಬುದ್ಧಿವಂತರು ನಿಗದಿತ ಮೊತ್ತ ಹೇಳಿ, ಕರಾರು ನೋಂದಣಿಯಾದ ದಿನ ಅರ್ಧ, ನಕ್ಷೆ ಮಂಜೂರಾದ ದಿನ ಅರ್ಧ ಎಂದು ಬರೆಸಿಕೊಳ್ಳುತ್ತಾರೆ.

ಬರೆಸಿಕೊಳ್ಳುವುದು ಎಂಬ ಮಾತು ಬಂದಾಗ ಕಲ್ಕತ್ತೆಯ ಒಂದು ಹಳೆಯ ಮೊಕದ್ದಮೆಯನ್ನು ನೆನೆಯಬೇಕು. 1943ರಲ್ಲಿ ಅಲ್ಲಿನ ಒಬ್ಬ ಮನೆಯ ಮಾಲೀಕರು ಒಬ್ಬ ದಲ್ಲಾಳಿಗೆ ಪತ್ರ ಕೊಟ್ಟರು: ಒಂದು ಲಕ್ಷಕ್ಕೆ ಕಡಿಮೆಯಿಲ್ಲದಂತೆ ನನ್ನ ಮನೆಯ ಮಾರಾಟ ಕುದುರಿಸು, ಇಷ್ಟು ಕಮಿಷನ್, ನಿಗದಿತ ಬೆಲೆ ಮೀರಿ ಬಂದರೆ ಅದರಲ್ಲೂ ನಿನಗೆ ಪಾಲು. ಪತ್ರಕ್ಕೆ ಒಂದು ತಿಂಗಳ ಗಡುವು. ದಲ್ಲಾಳಿ ಕೊಳ್ಳುವವರನ್ನು ತಂದ. ಮಾಲೀಕರು ಅವನನ್ನು ಪಕ್ಕಕ್ಕೆ ಸರಿಸಿ ಅದೇ ಕೊಳ್ಳುವವರ ಕಡೆಯವರಿಗೇ ಮನೆ ಮಾರಿದರು. ಇಂದು ಬನಶಂಕರಿಯಲ್ಲಿ ನಡೆದ ಸಂಗತಿ ಎಂದರೂ ಯಾರೂ ಅನುಮಾನಿಸಲಾರರು. ಅಬ್ದುಲ್ಲಾ ಅಹ್ಮದ್ ಮತ್ತು ಅನಿಮೇಂದ್ರ ಕಿಸೆನ್ ಮಿತ್ತರ್ ನಡುವಿನ ಈ ವ್ಯಾಜ್ಯ 1950ರಲ್ಲಿ ಸುಪ್ರೀಂ ಕೋರ್ಟ್ ತಲುಪಿತು. ಮಾರಾಟ ಕುದುರಿಸುವ ಅಧಿಕಾರ ಎಂದರೆ ಮಾಲೀಕರ ಪರವಾಗಿ ಕರಾರಿಗೆ ಸಹಿ ಹಾಕುವ ಅಧಿಕಾರವಲ್ಲ, ಕೊಳ್ಳಲು ಸಿದ್ಧರಿರುವವರನ್ನು ತಂದು ನಿಲ್ಲಿಸುವುದು ಎಂದು ಕೋರ್ಟ್ ಅರ್ಥ ಬಿಡಿಸಿತು. ಅಷ್ಟನ್ನು ಮಾಡಿದ ದಲ್ಲಾಳಿಯ ಪರವಾಗಿ ತೀರ್ಪು ಬಂತು.

ಎಪ್ಪತ್ತೈದು ವರ್ಷ ಹಳೆಯ ಆ ತೀರ್ಪಿನಲ್ಲಿ ಗೆದ್ದದ್ದು ಪತ್ರ. ಎಷ್ಟು ಬೆಲೆ, ಎಷ್ಟು ಕಮಿಷನ್, ಎಷ್ಟು ದಿನ ಎಂಬ ಮೂರು ಸಂಗತಿ ಅದರಲ್ಲಿ ಇದ್ದವು. 1872ರ ಕರಾರು ಕಾಯ್ದೆಯ 219ನೇ ಕಲಮಿನ ಪ್ರಕಾರ ಬೇರೆ ಒಪ್ಪಂದ ಇಲ್ಲದಿದ್ದರೆ, ವಹಿಸಿದ ಕೆಲಸ ಮುಗಿಯುವ ತನಕ ಏಜೆಂಟನಿಗೆ ಸಂಭಾವನೆ ಹುಟ್ಟುವುದಿಲ್ಲ. ವಹಿಸಿದ ಕೆಲಸ ಯಾವುದು? ಪರಿಚಯವೋ, ಅಡ್ವಾನ್ಸ್ ಕೊಡಿಸುವುದೋ, ಕ್ರಯಪತ್ರದ ನೋಂದಣಿಯೋ? ಬಾಯಿಮಾತಿನಲ್ಲಿ ಮೂರೂ ಒಂದೇ ಥರ ಕೇಳಿಸುತ್ತವೆ. ಒಂದು ಹಾಳೆಯ ಪತ್ರ ಬರೆಯಲು ಸಂಕೋಚಪಡುವವರು ಕನಿಷ್ಠ ವಾಟ್ಸ್ಆ್ಯಪಿನಲ್ಲಾದರೂ ‘ಇಂಥ ದಿನ ಇಂಥವರಿಗೆ ಈ ಮನೆ ತೋರಿಸಿದ್ದೇನೆ, ವ್ಯವಹಾರ ಆದರೆ ಇಷ್ಟು’ ಎಂದು ಕಳಿಸಿ ‘ಓಕೆ’ ಪಡೆಯಬಹುದು. ವಿದ್ಯುನ್ಮಾನ ರೂಪದಲ್ಲಿ ಆದ ಒಪ್ಪಂದವನ್ನೂ ನಮ್ಮ ಕಾನೂನು ಮಾನ್ಯ ಮಾಡುತ್ತದೆ. ಕೊಡದ ಹಣಕ್ಕೆ ದಾವೆ ಹೂಡಲು ಸಾಮಾನ್ಯವಾಗಿ ಮೂರು ವರ್ಷದ ಗಡುವು.

ಕಲ್ಕತ್ತೆಯ ಪತ್ರದಲ್ಲಿ ಮೇಲೆ ಬಂದ ಹಣದ ವಿಚಾರ ಮುಚ್ಚುಮರೆ ಇಲ್ಲದೆ ಬರೆದಿತ್ತು. ಇಲ್ಲಿ ಅದು ‘ನೆಟ್ ರೇಟು’ ಎಂಬ ಹೆಸರಿನಲ್ಲಿ ಪಿಸುಮಾತಾಗಿದೆ. ‘ನಮಗೆ ನಾಲ್ಕೂವರೆ ನೆಟ್ ಕೊಡಿಸಿ, ಮೇಲೆ ಬಂದದ್ದು ನಿಮಗೆ’ ಎಂದು ಮಾಲೀಕರೇ ಹೇಳಿದ್ದರೆ ಅದು ಒಪ್ಪಂದ. ಅವರಿಗೆ ನಾಲ್ಕೂವರೆ ಎಂದು, ಕೊಳ್ಳುವವರಿಗೆ ಐದು ಎಂದು, ನಡುವಿನ ಐವತ್ತು ಲಕ್ಷವನ್ನು ಇಬ್ಬರಿಗೂ ತಿಳಿಸದೆ ಜೇಬಿಗೆ ಇಳಿಸಿದರೆ ಅದರ ಹೆಸರೇ ಬೇರೆ. ಮಾಲೀಕರ ಅರಿವಿಗೆ ಬಾರದಂತೆ ಏಜೆಂಟನು ತನ್ನ ಸ್ವಂತ ಲಾಭಕ್ಕೆ ವ್ಯವಹರಿಸಿದರೆ, ಆ ಲಾಭವನ್ನು ಮಾಲೀಕರು ಕೇಳಿ ಪಡೆಯಬಹುದು ಎಂದು ಅದೇ ಕರಾರು ಕಾಯ್ದೆಯ 216ನೇ ಕಲಮು ಹೇಳುತ್ತದೆ. ಎರಡೂ ಕಡೆಯಿಂದ ಕಮಿಷನ್ ಪಡೆಯುವವರು ಎರಡೂ ಕಡೆಗೆ ಅದನ್ನು ಹೇಳಿಬಿಟ್ಟರೆ ಅರ್ಧ ಜಗಳ ಅಲ್ಲೇ ತೀರುತ್ತದೆ. ಹೇಳುವವರು ಕಡಿಮೆ.

ಇನ್ನೊಂದು ದಾರಿ ಹಿಡಿಯುವವರಿದ್ದಾರೆ. ಸ್ವಲ್ಪ ಅಡ್ವಾನ್ಸ್ ಕೊಟ್ಟು ‘ನಾನು ಅಥವಾ ನಾನು ಸೂಚಿಸಿದವರ ಹೆಸರಿಗೆ’ ಎಂದು ಅಗ್ರಿಮೆಂಟ್ ಹಾಕಿಕೊಳ್ಳುವುದು, ಮೂರು ತಿಂಗಳೊಳಗೆ ನಿಜವಾದ ಕೊಳ್ಳುವವನನ್ನು ಹಿಡಿದು ಹೆಚ್ಚಿನ ಬೆಲೆಗೆ ದಾಟಿಸುವುದು. ಅಮೆರಿಕದಲ್ಲಿ ಇದಕ್ಕೆ ಹೋಲ್‌ಸೇಲಿಂಗ್ ಎನ್ನುತ್ತಾರೆ. ವಯಸ್ಸಾದವರ ಮನೆಗಳು ಕವಡೆಕಾಸಿಗೆ ಕೈಬದಲಾಗುತ್ತಿವೆ ಎಂಬ ದೂರು ಅಲ್ಲೂ ಎದ್ದು, ಇಲಿನಾಯ್ ರಾಜ್ಯ 2019ರಲ್ಲಿ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಸಲ ಹೀಗೆ ಮಾಡುವವರಿಗೆ ಲೈಸೆನ್ಸ್ ಕಡ್ಡಾಯ ಮಾಡಿತು, ಒಕ್ಲಹೋಮ 2021ರಲ್ಲಿ ಇದಕ್ಕೆಂದೇ ಕಾಯ್ದೆ ತಂದಿತು. ಇಲ್ಲಿ ಮಾಲೀಕರ ರಕ್ಷಣೆಗೆ ಇರುವುದು ಅಗ್ರಿಮೆಂಟಿನ ಗಡುವು ಮತ್ತು ಅದನ್ನು ಓದುವ ಕನ್ನಡಕ. ಅಡ್ವಾನ್ಸನ್ನು ನೋಟಿನ ಕಟ್ಟಾಗಿ ತಂದರೆ ಇನ್ನೂ ಎಚ್ಚರ ಬೇಕು. ಸ್ಥಿರಾಸ್ತಿಯ ವ್ಯವಹಾರದಲ್ಲಿ ಇಪ್ಪತ್ತು ಸಾವಿರ ಮತ್ತು ಅದಕ್ಕೆ ಮೇಲ್ಪಟ್ಟ ಮುಂಗಡವನ್ನು ನಗದಾಗಿ ಪಡೆಯುವಂತಿಲ್ಲ ಎಂದು ಆದಾಯ ತೆರಿಗೆ ಕಾನೂನು 2015ರಲ್ಲೇ ಬಿಗಿ ಮಾಡಿದೆ. ಪಡೆದರೆ ಅಷ್ಟೇ ಮೊತ್ತದ ದಂಡ ಬೀಳಬಹುದು, ಅದೂ ಪಡೆದ ಮಾಲೀಕರಿಗೆ.

ರೇರಾ, ಅಂದರೆ ರಿಯಲ್ ಎಸ್ಟೇಟ್ ನಿಯಂತ್ರಣ ಕಾಯ್ದೆ, ಬಂದ ಮೇಲೆ ಎಲ್ಲ ದಲ್ಲಾಳಿಗಳಿಗೂ ನೋಂದಣಿ ಕಡ್ಡಾಯ ಎಂದು ಕೆಲವರು, ನಮಗೆ ಅದು ಅನ್ವಯಿಸುವುದೇ ಇಲ್ಲ ಎಂದು ಕೆಲವರು ಹೇಳಿಕೊಂಡು ತಿರುಗುತ್ತಾರೆ. ಎರಡೂ ಅರೆಸತ್ಯ. 2016ರ ಕಾಯ್ದೆ ಏಜೆಂಟ್ ಎಂಬುದನ್ನು ಬಲೆ ಬೀಸಿದಂತೆ ವಿವರಿಸಿದೆ: ಕೊಳ್ಳುವವರನ್ನೂ ಮಾರುವವರನ್ನೂ ಯಾವುದೇ ಮಾಧ್ಯಮದ ಮೂಲಕ ಪರಸ್ಪರ ಪರಿಚಯಿಸುವವರೂ, ಯಾವ ಹೆಸರಿನಿಂದ ಕರೆದುಕೊಂಡರೂ ಮಧ್ಯವರ್ತಿಗಳೂ ಅದರೊಳಗೆ ಬರುತ್ತಾರೆ. ‘ಪಾರ್ಟಿ ತೋರಿಸ್ತೀನಿ ಅಷ್ಟೆ’ ಎಂಬ ಮಾತಿಗೆ ಅಲ್ಲಿ ರಿಯಾಯಿತಿ ಇಲ್ಲ. ಆದರೆ ನೋಂದಣಿಯ ಕಡ್ಡಾಯ ಇರುವುದು ರೇರಾದಲ್ಲಿ ದಾಖಲಾಗಬೇಕಾದ ಯೋಜನೆಗಳ ಫ್ಲ್ಯಾಟು, ಸೈಟು ಮಾರಿಕೊಡುವವರಿಗೆ. ಜಯನಗರದ ಹಳೆಯ ಒಂಟಿ ಮನೆಯನ್ನು ಒಬ್ಬರಿಂದ ಒಬ್ಬರಿಗೆ ಕೊಡಿಸುವುದು ಆ ಲೆಕ್ಕಕ್ಕೆ ಬರುವುದಿಲ್ಲ.

ಅದೇ ಮನೆ ಒಡೆದು ಫ್ಲ್ಯಾಟು ಎದ್ದಾಗ? 500 ಚದರ ಮೀಟರ್ ಮೀರದ ನೆಲ ಅಥವಾ ಎಂಟು ಮೀರದ ಫ್ಲ್ಯಾಟು ಇದ್ದರೆ ಯೋಜನೆಗೆ ನೋಂದಣಿ ಬೇಡ. 500 ಚದರ ಮೀಟರ್ ಎಂದರೆ ಸುಮಾರು 5,382 ಚದರ ಅಡಿ. ನಲವತ್ತು ಅರವತ್ತರ ಒಂದು ಸೈಟು 2,400, ಅಕ್ಕಪಕ್ಕದ ಎರಡು ಸೇರಿದರೆ 4,800. ದಕ್ಷಿಣ ಬೆಂಗಳೂರಿನ ಸಣ್ಣ ಬಿಲ್ಡರ್‌ಗಳು ಎರಡು ಸೈಟಿನ ಮೇಲೆ ಇಷ್ಟೊಂದು ಪ್ರೀತಿ ಇಟ್ಟುಕೊಂಡಿರುವುದರ ಗುಟ್ಟು ಈ ಗುಣಾಕಾರದಲ್ಲೂ ಸ್ವಲ್ಪ ಇದೆ. ಮೂರನೇ ಸೈಟು ಸೇರಿ ಎಂಟಕ್ಕಿಂತ ಹೆಚ್ಚು ಫ್ಲ್ಯಾಟು ಎದ್ದರೆ ರೇರಾ ಬಾಗಿಲಲ್ಲಿರುತ್ತದೆ. ಆಗ ಅಲ್ಲಿಗೆ ಗಿರಾಕಿ ಕರೆತರುವವನಿಗೂ ನೋಂದಣಿ ಸಂಖ್ಯೆ ಬೇಕು. ಕರ್ನಾಟಕದಲ್ಲಿ ವ್ಯಕ್ತಿಗೆ ಇಪ್ಪತ್ತೈದು ಸಾವಿರ, ಸಂಸ್ಥೆಗೆ ಎರಡು ಲಕ್ಷ ಶುಲ್ಕ, ಐದು ವರ್ಷದ ಅವಧಿ. ನೋಂದಾಯಿಸದೆ ಸಿಕ್ಕಿಬಿದ್ದರೆ ದಿನಕ್ಕೆ ಹತ್ತು ಸಾವಿರದಂತೆ ದಂಡ ಬೆಳೆಯುತ್ತ ಹೋಗಿ ಮಾರಿಸಿದ ಆಸ್ತಿಯ ಬೆಲೆಯ ಶೇ 5ರ ತನಕ ಏರಬಹುದು. ಶೇ 1ರ ಆಸೆಗೆ ಶೇ 5.

ತೆರಿಗೆಯ ಮಾತು ಚುಟುಕಾಗಿ ಮುಗಿಯುತ್ತದೆ. ಕಮಿಷನ್ ಆದಾಯವೇ. ಕಂಪನಿಯಾಗಿರುವ ಬಿಲ್ಡರ್ ವರ್ಷಕ್ಕೆ ಇಪ್ಪತ್ತು ಸಾವಿರ ದಾಟಿದ ಕಮಿಷನ್‌ನಲ್ಲಿ ಶೇ 2 ಹಿಡಿದೇ ಕೊಡುತ್ತಾನೆ. ವರ್ಷದ ಕಮಿಷನ್ ಇಪ್ಪತ್ತು ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ, ಶೇ 18. ಮಾಲೀಕರು ಕೊಟ್ಟ ಕಮಿಷನ್‌ಗೆ ರಸೀದಿ ಇದ್ದರೆ ಮಾರಾಟದ ಬಂಡವಾಳ ಲಾಭದಿಂದ ಅದನ್ನು ಕಳೆಯಬಹುದು. ಹಾಗಾಗಿ ಚೆಕ್ಕಿನಲ್ಲಿ ಕೊಡುವುದು ಅವರಿಗೇ ಲಾಭ. ಇದನ್ನು ಅವರಿಗೆ ತಿಳಿಸಿಕೊಡುವ ದಲ್ಲಾಳಿಗೆ ಚೌಕಾಸಿಯೂ ಕಡಿಮೆಯಾಗುತ್ತದೆ.

ಈ ಕಸುಬಿನ ಹೆಸರು ಕೆಡಿಸಿದವರು ಬೇರೆ ಕಡೆ ಇದ್ದಾರೆ. 2022ರ ಮಾರ್ಚ್‌ನಲ್ಲಿ ಭ್ರಷ್ಟಾಚಾರ ನಿಗ್ರಹ ದಳ ಬಿಡಿಎ ವ್ಯವಹಾರಗಳಲ್ಲಿ ಕೈಯಾಡಿಸುತ್ತಿದ್ದರು ಎನ್ನಲಾದ ಒಂಬತ್ತು ಮಧ್ಯವರ್ತಿಗಳ ಮನೆಗಳನ್ನು ಒಂದೇ ದಿನ ಶೋಧಿಸಿತು. ಅಲ್ಲಿನ ಆರೋಪ ಕಚೇರಿಯ ಒಳಗಿನ ಕಡತ ಅಲುಗಾಡಿಸುವುದಕ್ಕೆ ಸಂಬಂಧಿಸಿದ್ದು. ರಸ್ತೆಯಲ್ಲಿ ಮಾಲೀಕರನ್ನು ಹುಡುಕುವವನಿಗೂ ಕಚೇರಿಯಲ್ಲಿ ಗುಮಾಸ್ತರನ್ನು ಹುಡುಕುವವನಿಗೂ ಜನ ಒಂದೇ ಪದ ಬಳಸುತ್ತಾರೆ. ಆ ಪದದ ಭಾರವನ್ನು ಹಾಲಿನವನೂ ಹೊರುತ್ತಾನೆ.

ಕಡೆಯ ಅಂಕ ನಡೆಯುವುದು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ. ಮುದ್ರಾಂಕ ಶುಲ್ಕ ಶೇ 5, ಅದರ ಮೇಲಿನ ಉಪಕರಗಳು, 2025ರ ಆಗಸ್ಟ್ ಕೊನೆಯಿಂದ ಶೇ 2ಕ್ಕೆ ಏರಿದ ನೋಂದಣಿ ಶುಲ್ಕ, ಎಲ್ಲವೂ ಆನ್‌ಲೈನಿನಲ್ಲಿ ಸಂದಾಯವಾಗಿದೆ. ಅಜ್ಜಿ ಕುರ್ಚಿಯಲ್ಲಿ ಕೂತಿದ್ದಾರೆ, ಮೈಸೂರಿನ ಅಕ್ಕ ಬಂದಿದ್ದಾರೆ, ಬಿಲ್ಡರ್ ಫೋನಿನಲ್ಲಿದ್ದಾನೆ. ಒಬ್ಬೊಬ್ಬರಾಗಿ ಕ್ಯಾಮೆರಾದ ಮುಂದೆ ಕೂತು ಹೆಬ್ಬೆಟ್ಟು ಒತ್ತುತ್ತಾರೆ. ಕ್ರಯಪತ್ರದಲ್ಲಿ ಮಾರಿದವರ ಹೆಸರಿದೆ, ಕೊಂಡವರ ಹೆಸರಿದೆ, ಚೆಕ್ಕಿನ ನಂಬರಿದೆ, ನಾಲ್ಕು ದಿಕ್ಕಿನ ಚೆಕ್ಕುಬಂದಿ ಇದೆ. ಇವರೆಲ್ಲರನ್ನೂ ಇಲ್ಲಿಗೆ ತಂದವನಿಗೆ ಆ ಪತ್ರದಲ್ಲಿ ಜಾಗವಿಲ್ಲ. ಅವನು ಹೊರಗೆ ಎಳನೀರಿನ ಗಾಡಿಯ ಪಕ್ಕ ನಿಂತು ಒಳಗಿನಿಂದ ಬರುವ ಮುಖಗಳನ್ನು ನೋಡುತ್ತಿರುತ್ತಾನೆ, ಹಣ ಇವತ್ತೇ ಕೈಸೇರಬೇಕು, ನಾಳೆಗೆ ಫೋನು ಎತ್ತುವುದಿಲ್ಲ ಎಂಬ ಅಂದಾಜಿನಲ್ಲಿ. ಕೆಲವೊಮ್ಮೆ ಸಾಕ್ಷಿಯೊಬ್ಬರು ಕಡಿಮೆ ಬಿದ್ದು ಒಳಗೆ ಕರೆಯುತ್ತಾರೆ. ಆಧಾರ್ ಕಾರ್ಡಿನ ಪ್ರತಿ ಕೊಟ್ಟು ಕೊನೆಯ ಪುಟದ ಕೆಳಗೆ ಸಹಿ ಹಾಕುತ್ತಾನೆ. ಹತ್ತು ವರ್ಷ ಬಿಟ್ಟು ಪಾಲಿನ ವಿಷಯಕ್ಕೆ ಆ ಕುಟುಂಬದ ಯಾರಾದರೂ ದಾವೆ ಹೂಡಿದರೆ, ಕೋರ್ಟಿನ ಸಮನ್ಸು ಅವನ ವಿಳಾಸಕ್ಕೂ ಬರುತ್ತದೆ.